ಓದಿ ಹೇಳದ ಅರ್ಜಿ

ಮೇ 2

625ಕ್ಕೆ 587. ಕನ್ನಡದಲ್ಲಿ 125ಕ್ಕೆ 124. ಆ ಒಂದು ಅಂಕ ಎಲ್ಲಿ ಹೋಯಿತೆಂದು ಮರುಮೌಲ್ಯಮಾಪನಕ್ಕೆ ಹಾಕುವವಳಿದ್ದೆ. ಅಪ್ಪ ಬೇಡ ಎಂದ.

ಬೆಳಿಗ್ಗೆಯಿಂದ ಮನೆಗೆ ಬಂದವರದೆಲ್ಲ ಒಂದೇ ಮಾತು: ಸೈನ್ಸ್. ನಮ್ಮ ಮಾನ್ವಿಯಲ್ಲಿ ಅಂಕ ಹೆಚ್ಚು ಬಂದರೆ ಸೈನ್ಸ್, ನಡುವೆ ಬಂದರೆ ಕಾಮರ್ಸ್, ಉಳಿದವರಿಗೆ ಆರ್ಟ್ಸ್. ಸಂತೆಯಲ್ಲಿ ಮೆಣಸಿನಕಾಯಿ ಆರಿಸಿ ಗುಂಪು ಹಾಕಿದ ಹಾಗೆ. ನಾನು ಆರ್ಟ್ಸ್ ತೆಗೆದುಕೊಳ್ಳುತ್ತೇನೆ, ವಕೀಲಳಾಗುತ್ತೇನೆ ಎಂದೆ. ಪೇಢೆ ತಿನ್ನುತ್ತಿದ್ದ ಪಕ್ಕದ ಮನೆಯವರು ಬಾಯಿ ಆಡಿಸುವುದನ್ನೇ ನಿಲ್ಲಿಸಿದರು.

ಅವ್ವನ ಮುಖ ಇಳಿಯಿತು. ಆಕೆ ಆಶಾ ಕಾರ್ಯಕರ್ತೆ. ಬಸುರಿಯರನ್ನು ಕರೆದುಕೊಂಡು ದವಾಖಾನೆಗೂ ಮನೆಗೂ ಓಡಾಡುತ್ತಾಳೆ. ಹದಿನೈದು ವರ್ಷಗಳಿಂದ ಡಾಕ್ಟರರ ಕೋಣೆಯ ಹೊರಗೆ ನಿಂತವಳು, ಮಗಳು ಆ ಕೋಣೆಯ ಒಳಗೆ ಕುಳಿತಿರಬೇಕು ಎಂಬುದು ಅವಳ ಆಸೆ. ಅದು ತಪ್ಪಲ್ಲ. ಆದರೆ ಆಸೆ ಅವಳದು, ಓದಬೇಕಾದವಳು ನಾನು. ಹಾಗೆಂದೇ ಹೇಳಿದೆ.

ಅಪ್ಪ ಏನೂ ಹೇಳಲಿಲ್ಲ. ಅವನು ಇಲ್ಲಿನ ಕೋರ್ಟಿನಲ್ಲಿ ದಲಾಯತ್. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ಅವನ ಕೆಲಸ. ಅಷ್ಟು ಕೂಗಿದ್ದಕ್ಕೋ ಏನೋ, ಮನೆಗೆ ಬಂದರೆ ಮಾತೇ ಇಲ್ಲ. ನಾನು ರಜೆಯಲ್ಲಿ ಊಟದ ಡಬ್ಬಿ ಕೊಡಲು ಹೋದಾಗಲೆಲ್ಲ ಕಿಟಕಿಯಲ್ಲಿ ನಿಂತು ವಾದ ಕೇಳಿದ್ದೇನೆ. ಅರ್ಧದಷ್ಟು ವಕೀಲರಿಗಿಂತ ನಾನೇ ಚೆನ್ನಾಗಿ ಮಾತಾಡುತ್ತೇನೆ. ಇದು ಜಂಭವಲ್ಲ, ಸಾಕ್ಷಿ ಸಮೇತ ಹೇಳಬಲ್ಲೆ.

ಇಂದಿನ ವಾದಗಳು: ಅವ್ವನೊಂದಿಗೆ ಎರಡು. ಎರಡರಲ್ಲೂ ಗೆದ್ದೆ.

ಮೇ 5

ವಿನೋದ ಮಾಮಾ ರಾಯಚೂರಿನಿಂದ ಬಂದ. ಅವ್ವನ ತಮ್ಮ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ. ಅಲ್ಲಿನ ಒಂದು ಸೈನ್ಸ್ ಕಾಲೇಜಿನಲ್ಲಿ ಹಾಸ್ಟೆಲ್ ಸಮೇತ ಸೀಟು ಮಾತಾಡಿ ಇಟ್ಟಿದ್ದಾನಂತೆ. ನನ್ನನ್ನು ಒಂದು ಮಾತು ಕೇಳದೆ. ಫಿಜಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ.

ನಾನು ನನ್ನ ನಾಲ್ಕನ್ನು ಹೇಳಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಸಂವಿಧಾನ ಗೊತ್ತಿಲ್ಲದ ವಕೀಲ, ಇತಿಹಾಸ ಗೊತ್ತಿಲ್ಲದ ನ್ಯಾಯಾಧೀಶ ಎಂದು ಶುರುಮಾಡಿ ಹತ್ತು ನಿಮಿಷ ಮಾತಾಡಿದೆ. ಮಾಮಾ ಚಹಾ ಕುಡಿಯುತ್ತ ಕೇಳಿ, ಒಮ್ಮೆ ರಾಯಚೂರಿಗೆ ಬಾ, ಕಾನೂನು ಕಲಿಸುವವರನ್ನೇ ಕೇಳೋಣ ಎಂದ. ಗೆದ್ದ ಹಾಗೆಯೇ.

ಮೇ 8

ಗೆದ್ದಿರಲಿಲ್ಲ.

ರಾಯಚೂರಿನ ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನಿಂದ ಕೋಟೆಯ ಪಕ್ಕದ ರಸ್ತೆ ಹಿಡಿದು ನಡೆಯುವಷ್ಟರಲ್ಲಿ ಚಪ್ಪಲಿಯ ಕೆಳಗಿನ ಡಾಂಬರು ಮೆತ್ತಗಾಗಿತ್ತು. ಮಾಮಾನ ಪರಿಚಯದ ಕಾನೂನು ಅಧ್ಯಾಪಕರೊಬ್ಬರು ಮಜ್ಜಿಗೆ ಕೊಟ್ಟು, ಐದು ವರ್ಷದ ಕಾನೂನು ಪದವಿಗೆ ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ನಡೆಯುತ್ತದೆ ಎಂದರು. ಸೈನ್ಸ್ ಓದಿದವರೂ ಬರುತ್ತಾರೆ, ಚೆನ್ನಾಗಿಯೇ ಓದುತ್ತಾರೆ ಎಂದರು. ನನ್ನ ಹತ್ತು ನಿಮಿಷದ ವಾದವನ್ನು ಒಂದು ಲೋಟ ಮಜ್ಜಿಗೆಯಲ್ಲಿ ಮುಗಿಸಿಬಿಟ್ಟರು.

ಮಾಮಾ ದಾರಿಯುದ್ದಕ್ಕೂ ನಗುತ್ತಿದ್ದ. ಹಾಗಾದರೆ ಎರಡು ವರ್ಷ ಸೈನ್ಸ್ ಓದು, ಆಮೇಲೂ ಮನಸ್ಸಿದ್ದರೆ ವಕೀಲಳಾಗು ಎಂಬುದು ಅವನ ವಾದ. ಕೊನೆಗೆ, ಓದಲೇಬೇಕಾದ ಪುಸ್ತಕ ಓದುವಾಗ ನಿದ್ದೆ ಬರಬಾರದು ಅಷ್ಟೇ, ನನಗೆ ಇತಿಹಾಸ ಓದುವಾಗ ಬರುವುದಿಲ್ಲ ಎಂದೆ. ಇದು ವಾದವೇ ಅಲ್ಲ. ಆದರೆ ಮಾಮಾ ನಗುವುದನ್ನು ನಿಲ್ಲಿಸಿದ.

ಅಧ್ಯಾಪಕರು ಹೇಳಿದ ತಯಾರಿ: ದಿನವೂ ಪತ್ರಿಕೆ, ಇಂಗ್ಲಿಷ್ ಸುಧಾರಣೆ, ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ. ಇಂಗ್ಲಿಷ್ ವಿಷಯದಲ್ಲಿ ಅವರು ಹೇಳಿದ್ದು ನಿಜ. ಉಳಿದದ್ದಕ್ಕೆ ನಾನು ಈಗಲೇ ಸಿದ್ಧ.

ಮೇ 11

ಅಪ್ಪ ಕೊನೆಗೂ ಬಾಯಿಬಿಟ್ಟ. ಊಟ ಮುಗಿಸಿ, ಕೈತೊಳೆದು, ಟವೆಲ್‌ನಿಂದ ಒರೆಸಿಕೊಂಡು, ನಿಧಾನವಾಗಿ ಹೇಳಿದ.

“ಕೋರ್ಟಿನ ಒಳಗ ನಡಿಯೋದು ನೀ ನೋಡೀದಿ. ಹೊರಗ ಗಿಡದ ಕೆಳಗ ಹುಸೇನಪೀರ ಕುಂತಾರಲ್ಲ, ಅವರ ಮಗ್ಗಲಕ ಒಂದು ತಿಂಗಳ ಕುಂದರು. ಆಮ್ಯಾಲನೂ ವಕೀಲಕಿ ಬೇಕು ಅಂದ್ರ ನಾ ಸೈ ಹಾಕ್ತೀನಿ. ನಿಮ್ಮವ್ವನೂ ಹಾಕ್ತಾಳ.”

ಅವ್ವ ಒಳಗಿನಿಂದ, ನಾನು ಹಾಕುವುದಿಲ್ಲ ಎಂದಳು. ಆದರೂ ಇದು ಷರತ್ತು, ನಾನು ಒಪ್ಪಿದೆ. ಒಂದು ತಿಂಗಳು ಅರ್ಜಿ ಬರೆಯುವುದು ನನಗೇನು ಕಷ್ಟ? 124 ಬಂದವಳು ನಾನು.

ಮೇ 13

ಹುಸೇನಪೀರ ಚಾಚಾ ತಹಸೀಲ್ ಕಚೇರಿಗೂ ಕೋರ್ಟಿಗೂ ನಡುವಿನ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಮೂವತ್ತು ವರ್ಷಗಳಿಂದ ಅರ್ಜಿ ಬರೆಯುತ್ತಾರೆ. ಪಿಂಚಣಿ, ರೇಷನ್ ಕಾರ್ಡು, ಪಹಣಿ ತಿದ್ದುಪಡಿ, ಠಾಣೆಗೆ ದೂರು. ಈಗ ಎಲ್ಲದಕ್ಕೂ ಆನ್‌ಲೈನ್ ಬಂದಿದೆ, ಆದರೂ ಜನ ಬರುತ್ತಾರೆ.

ಅವರ ಪದ್ಧತಿ ಹೀಗೆ. ಬಂದವರು ಹೇಳುವುದನ್ನೆಲ್ಲ ಹೇಳಿ ಮುಗಿಸುವ ತನಕ ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ. ಬರೆದ ಮೇಲೆ, ಬರೆದದ್ದನ್ನು ಬಂದವರದೇ ಮಾತಿನಲ್ಲಿ ಓದಿ ಹೇಳುತ್ತಾರೆ. “ಇದs ಏನು ನೀವು ಹೇಳಿದ್ದು?” ಎಂದು ಕೇಳುತ್ತಾರೆ. ಹೌದು ಎಂದ ಮೇಲೆಯೇ ಸಹಿ, ಹೆಬ್ಬೆಟ್ಟು. ಅಲ್ಲ ಎಂದರೆ ಹಾಳೆ ಹರಿದು ಮತ್ತೆ ಬರೆಯುತ್ತಾರೆ. ಇಂದು ನೀರಮಾನ್ವಿಯ ಒಬ್ಬ ಮುದುಕನ ಅರ್ಜಿಯನ್ನು ಮೂರು ಸಲ ಹರಿದರು. ನಾನಾಗಿದ್ದರೆ ಅಷ್ಟು ಹೊತ್ತಿನಲ್ಲಿ ಆರು ಅರ್ಜಿ ಬರೆಯುತ್ತಿದ್ದೆ.

ಆ ಮುದುಕ ತನ್ನ ಎಮ್ಮೆಯ ಕಥೆಯಿಂದ ಶುರುಮಾಡಿದ. ಅರ್ಜಿ ಇದ್ದದ್ದು ವೃದ್ಧಾಪ್ಯ ವೇತನಕ್ಕೆ. ಚಾಚಾ ಎಮ್ಮೆಯನ್ನೂ ಕೇಳಿದರು.

ಮೇ 19

ಇದುವರೆಗೆ ಹನ್ನೊಂದು ಅರ್ಜಿ ನನ್ನ ಕೈಯಿಂದ. ನನ್ನ ಅಕ್ಷರ ನೋಡಿ ಕಚೇರಿಯ ಗುಮಾಸ್ತರು ಯಾರು ಬರೆದದ್ದು ಎಂದು ಕೇಳಿದರಂತೆ. ಚಾಚಾ ನನ್ನ ಕಡೆ ಬೆರಳು ತೋರಿಸಿದರು, ಹೊಗಳಲಿಲ್ಲ. ನನ್ನ ಅರ್ಜಿಗಳಲ್ಲಿ ವಿಶೇಷಣ ಜಾಸ್ತಿಯಂತೆ. ‘ಅತ್ಯಂತ ಶೋಚನೀಯ’ ಎಂಬುದನ್ನು ಹೊಡೆದು ಹಾಕಿದರು. ಮನಸ್ಸಿಗೆ ಬಹಳ ಬೇಜಾರಾಯಿತು. ಒಳ್ಳೆಯ ಶಬ್ದ ಅದು.

ಮೇ 23

ಇಂದು ನಾನು ವಕೀಲಳಾದೆ ಎಂದೇ ಬರೆದುಕೊಳ್ಳುತ್ತೇನೆ.

ಶುಕ್ರವಾರ. ಚಾಚಾ ನಮಾಜಿಗೆ ಹೋದ ಒಂದು ತಾಸು ಮೇಜು ನನ್ನದು. ಮಲ್ಲಟದಿಂದ ಒಬ್ಬರು ಬಂದರು. ಮಲ್ಲೇಶ್ವರಿ ಅಂತ. ಅಲ್ಲಿನ ಹೈಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಗಂಡ ಕೃಷ್ಣ ದೇವದುರ್ಗದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡು ನಾಲ್ಕು ವರ್ಷದಿಂದ ಬೇರೆ ಇದ್ದಾನೆ. ಮಗಳು ಕಾವ್ಯಾ ನನ್ನ ವಾರಿಗೆಯವಳು, ಈ ವರ್ಷವೇ ಎಸ್ಸೆಸ್ಸೆಲ್ಸಿ ಪಾಸು. ಅವಳನ್ನು ಕಾಲೇಜಿಗೆ ಕಳಿಸಬಾರದು, ತನ್ನ ಅಕ್ಕನ ಮಗನಿಗೆ ಕೊಟ್ಟು ಮದುವೆ ಮಾಡುತ್ತೇನೆ ಎಂದು ಗಂಡ ಹೇಳಿ ಕಳಿಸಿದ್ದಾನಂತೆ.

ಅಷ್ಟು ಕೇಳುತ್ತಲೇ ನನಗೆ ಪೂರ್ತಿ ಅರ್ಥವಾಯಿತು. ಪೆನ್ನು ಎತ್ತಿದೆ. ಅವರು ಮಾತ್ರ, ಶಾಲೆಯ ಹೆಡ್‌ಮಾಸ್ಟರ್ ಒಂದು ಅರ್ಜಿ ತರಲು ಹೇಳಿದ್ದಾರೆ, ಹೆಡ್‌ಮಾಸ್ಟರಿಗೇ ಬರೆದುಕೊಡಿ ಎನ್ನುತ್ತಿದ್ದರು. ಪಾಪ, ಅವರಿಗೆ ತಿಳಿಯದು. ಇಂಥ ಗಂಡಸಿಗೆ ಹೆಡ್‌ಮಾಸ್ಟರ್ ಏನು ಮಾಡಿಯಾರು? ನಾನು ಪೊಲೀಸ್ ಠಾಣೆಗೆ ಬರೆದೆ, ನಾಲ್ಕು ಪುಟ. ಹೆಣ್ಣುಮಕ್ಕಳ ಶಿಕ್ಷಣ, ಬಾಲ್ಯವಿವಾಹ, ಹೆಂಡತಿಯ ಮೇಲಿನ ದೌರ್ಜನ್ಯ, ಯಾವುದನ್ನೂ ಬಿಡಲಿಲ್ಲ. ಫೋನಿನಲ್ಲಿ ಸಿಕ್ಕ ಮಾದರಿ ದೂರಿನಿಂದ ಎರಡು ವಾಕ್ಯ ಸೇರಿಸಿದೆ. ದೂರಿಗೆ ತೂಕ ಬೇಕಲ್ಲ. ಅವರು ನಡುನಡುವೆ “ಹಂಗಲ್ಲ ಯವ್ವಾ” ಎನ್ನುತ್ತಿದ್ದರು. ಹೆದರಿದ್ದಾರೆ ಎಂದು ಧೈರ್ಯ ಹೇಳಿದೆ.

ಮಲ್ಲಟದ ಬಸ್ಸು ಹೊರಡುವ ಹೊತ್ತಾಗಿತ್ತು. ಓದಿ ಹೇಳುವಷ್ಟು ಸಮಯ ಎಲ್ಲಿತ್ತು? ಅವರು ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ನಾನೇ ಜೊತೆಗೆ ಓಡಿಹೋಗಿ ಠಾಣೆಯಲ್ಲಿ ಕೊಡಿಸಿ, ಜೆರಾಕ್ಸ್ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದು ಮೇಜಿನ ಖಾನೆಯಲ್ಲಿಟ್ಟೆ. ಚಾಚಾ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಬ್ಬರು ಬಂದಿದ್ದರು, ಬರೆದುಕೊಟ್ಟೆ ಎಂದಷ್ಟೇ ಹೇಳಿದೆ.

ರಾತ್ರಿ ಊಟಕ್ಕೆ ಕುಳಿತಾಗ ಅವ್ವನಿಗೆ ಎಲ್ಲ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಆ ಹುಡುಗಿ ಕಾಲೇಜಿಗೆ ಹೋದರೆ ಸಾಕು ಎಂದಳು. ಕಾನೂನಿನ ವಿಷಯದಲ್ಲಿ ಅವ್ವ ನನ್ನ ಪಕ್ಷಕ್ಕೆ ಬಂದದ್ದು ಇದೇ ಮೊದಲು.

ಮೇ 30

ಕಾವ್ಯಾಳನ್ನು ಇಂದು ನೋಡಿದೆ. ತೆಳ್ಳಗಿದ್ದಾಳೆ. ತಾಯಿಯ ಹಿಂದೆ ನಿಂತಿದ್ದಳು.

ಆದದ್ದು ಇಷ್ಟು. ಠಾಣೆಯಿಂದ ಕೃಷ್ಣನಿಗೆ ಫೋನು ಹೋಯಿತು. ಅವನು ಬಂದ, ಬರೆದದ್ದನ್ನು ಕೇಳಿಸಿಕೊಂಡ, ಅಲ್ಲಿಂದ ನೇರವಾಗಿ ಮಲ್ಲಟದ ಶಾಲೆಗೆ ಹೋಗಿ, ತಂದೆ ತಾನು ಎಂದು ಸಹಿ ಮಾಡಿ ಮಗಳ ಟಿ.ಸಿ. ತೆಗೆದುಕೊಂಡು ದೇವದುರ್ಗಕ್ಕೆ ಹೋದ. ಟಿ.ಸಿ. ಇಲ್ಲದೆ ಯಾವ ಕಾಲೇಜೂ ಸೇರಿಸಿಕೊಳ್ಳುವುದಿಲ್ಲ. ಹೆಡ್‌ಮಾಸ್ಟರ್ ಮಲ್ಲೇಶ್ವರಿಯವರಿಗೆ ಹೇಳಿದ್ದು ಇದನ್ನೇ: ತಾಯಿಯಾಗಿ ಒಂದು ಅರ್ಜಿ ಕೊಡಿ, ಟಿ.ಸಿ. ನಿಮ್ಮ ಕೈಗೇ ಕೊಡುತ್ತೇನೆ. ಎರಡು ಸಾಲಿನ ಅರ್ಜಿ. ಅದನ್ನು ಬರೆಸಲೆಂದೇ ಅವರು ಬಸ್ಸು ಹತ್ತಿ ಬಂದಿದ್ದರು.

ಚಾಚಾ ನನ್ನನ್ನು ಒಂದೇ ಮಾತು ಕೇಳಿದರು.

“ಓದಿ ಹೇಳಿದ್ಯೇನು ಬೇಟಿ?”

ಬಸ್ಸು ಹೊರಟಿತ್ತು ಎಂದೆ. ಅವರು ಮೇಜಿನ ಖಾನೆಯಿಂದ ಜೆರಾಕ್ಸ್ ಪ್ರತಿ ತೆಗೆದು ಮಲ್ಲೇಶ್ವರಿಯವರಿಗೆ ಓದಿ ಹೇಳತೊಡಗಿದರು. ನನ್ನ ನಾಲ್ಕು ಪುಟ ಅವರ ಬಾಯಲ್ಲಿ ಬೇರೆ ಯಾರದೋ ಬರಹದಂತೆ ಕೇಳಿಸಿತು. ‘ಪ್ರತಿದಿನ ಕುಡಿದು ಬಂದು ಅಮಾನುಷವಾಗಿ ಹೊಡೆಯುತ್ತಿದ್ದನು’ ಎಂಬಲ್ಲಿಗೆ ಬಂದಾಗ ಮಲ್ಲೇಶ್ವರಿಯವರು ಚಾಚಾನ ಕೈ ಹಿಡಿದು ನಿಲ್ಲಿಸಿದರು.

“ಅಂವ ಒಂದ ದಿನಾನೂ ನನ್ನ ಮ್ಯಾಲ ಕೈ ಎತ್ತಿಲ್ಲರೀ ಕಾಕಾ. ನಾ ಹಂಗ ಹೇಳಿಲ್ಲ. ನನ್ನ ಸೈ ಇದರ ಕೆಳಗ ಐತೇನ್ರಿ?”

ಮಾದರಿ ದೂರಿನ ವಾಕ್ಯ ಅದು. ಫೋನಿನಿಂದ ತೆಗೆದದ್ದು. ಕಾಲೇಜು ಸೇರಲು ಕೊನೆಯ ದಿನ ಜೂನ್ ಹದಿನಾರು. ಕಾವ್ಯಾ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮೇ 31

ಮೇಜಿಗೆ ಹೋಗಲಿಲ್ಲ. ತಲೆನೋವು ಎಂದೆ. ತಲೆನೋವು ಇರಲಿಲ್ಲ.

ಜೂನ್ 2

ಅವ್ವನಿಗೆ ಹೇಳಿದೆ: ಮಾಮಾನಿಗೆ ಫೋನ್ ಮಾಡು, ಸೈನ್ಸ್ ಸೀಟು ಇನ್ನೂ ಇದ್ದರೆ ಸೇರುತ್ತೇನೆ. ತಿಂಗಳಿಂದ ಇದೇ ಮಾತಿಗಾಗಿ ಕಾದವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಸಮವಸ್ತ್ರದ ಗುಲಾಬಿ ಸೀರೆ ಮಡಚುತ್ತಿದ್ದಳು. ಮಡಚುವುದನ್ನು ಬಿಡಲೂ ಇಲ್ಲ.

“ತಪ್ಪು ಮಾಡಿ ಹೆದರಿ ಓಡಿ ಬಂದಾಕಿ ನನ್ನ ದವಾಖಾನಿಗೆ ಬ್ಯಾಡ. ಅಲ್ಲಿ ತಪ್ಪು ಮಾಡಿದ್ರ ಜೀವ ಹೋಗ್ತದ. ಮೊದಲ ಆ ಹುಡುಗಿ ಕಾಗದ ತಂದು ಕೊಡು. ಆಮ್ಯಾಲ ಏನ ಓದ್ತೀ ಓದು.”

ಅಪ್ಪ ಹೊಸ್ತಿಲಲ್ಲಿ ಕುಳಿತು ಕೇಳುತ್ತಿದ್ದ. ನಾನು ಅತ್ತೆ. ಅವ್ವ ಸೀರೆ ಕೆಳಗಿಟ್ಟು ಪಕ್ಕದಲ್ಲಿ ಬಂದು ಕುಳಿತಳು, ಆದರೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಜೂನ್ 3

ಚಾಚಾನ ಮುಂದೆ ಹೋಗಿ ನಿಂತೆ. ಅವರು ಬೈಯಲಿಲ್ಲ. ಸ್ಟೂಲನ್ನು ನನ್ನ ಕಡೆ ಸರಿಸಿ, ಮಲ್ಲಟದ ಬಸ್ಸು ಎಷ್ಟಕ್ಕೆ ಎಂದು ಕೇಳಿದರು.

ಮಲ್ಲೇಶ್ವರಿ ಅಕ್ಕನ ಮನೆಯ ಕಟ್ಟೆಯ ಮೇಲೆ ಎರಡು ತಾಸು ಕುಳಿತೆವು. ಪೆನ್ನು ಚೀಲದಲ್ಲೇ ಇತ್ತು. ಅಕ್ಕ ಹೇಳಿದರು, ನಾನು ಕೇಳಿದೆ. ಗಂಡ ಹೊಡೆಯುವವನಲ್ಲ, ಕುಡಿಯುವವನೂ ಅಲ್ಲ. ಅವನ ತಾಯಿಗೂ ಇವರಿಗೂ ಒಂದೇ ಮನೆಯಲ್ಲಿ ಆಗಿಬರಲಿಲ್ಲ. ತಾಯಿಯೋ ಹೆಂಡತಿಯೋ ಎಂದಾಗ ಅವನು ಉತ್ತರವನ್ನೇ ಕೊಡದೆ ಅಂಗಡಿಗೆ ಹೋಗಿ ಕುಳಿತ. ಇವರು ಮಗಳನ್ನು ಕರೆದುಕೊಂಡು ತವರಿಗೆ ಬಂದರು. ಅದಕ್ಕೆ ನಾಲ್ಕು ವರ್ಷ. ಮಗಳ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಅವನು ಬಟ್ಟೆ ಕಳಿಸುತ್ತಾನೆ, ತಾನು ಬರುವುದಿಲ್ಲ. ಅಕ್ಕನಿಗೆ ಸಿಟ್ಟಿದೆ, ಬಹಳ ಇದೆ. ಆದರೆ ಅದು ನಾನು ಬರೆದ ಸಿಟ್ಟಲ್ಲ.

ಇದರಲ್ಲಿ ಒಂದನ್ನಾದರೂ ನಾನು ಮೇ ಇಪ್ಪತ್ಮೂರರಂದು ಕೇಳಿದ್ದರೆ ಎಂದು ಬಸ್ಸಿನಲ್ಲಿ ಚಾಚಾಗೆ ಹೇಳಿದೆ. ಅವರು ಕಿಟಕಿಯ ಕಡೆ ತಲೆ ಒರಗಿಸಿ ನಿದ್ದೆ ಹೋಗಿದ್ದರು.

ಜೂನ್ 5

ದೇವದುರ್ಗಕ್ಕೆ ಹೋದವರು ಮೂವರು: ಚಾಚಾ, ಮಲ್ಲೇಶ್ವರಿ ಅಕ್ಕ, ನಾನು. ಶಿಕ್ಷಣದ ಹಕ್ಕಿನ ಬಗ್ಗೆ ದಾರಿಯುದ್ದಕ್ಕೂ ಒಂದು ಮಾತು ಸಿದ್ಧಮಾಡಿಕೊಂಡಿದ್ದೆ. ಚೆನ್ನಾಗಿಯೂ ಇತ್ತು.

ಅಂಗಡಿಯಲ್ಲಿ ಕೃಷ್ಣ ಒಂದು ಗೇಟಿಗೆ ವೆಲ್ಡಿಂಗ್ ಮಾಡುತ್ತಿದ್ದರು. ಕಣ್ಣಿನ ಮೇಲಿನ ಕರಿ ಗಾಜನ್ನು ಎತ್ತಿ ನಮ್ಮನ್ನು ನೋಡಿದರು. ಅಕ್ಕ ಹೊರಗೇ ನಿಂತರು. ಕೃಷ್ಣ ಕುಳಿತುಕೊಳ್ಳಲು ಯಾರಿಗೂ ಹೇಳಲಿಲ್ಲ. ಅವರ ದನಿಯಲ್ಲಿ ಜೋರಿರಲಿಲ್ಲ.

“ದಿನಾ ಹೊಡೀತೀನಿ ಅಂತ ಬರದೀರಿ. ಠಾಣ್ಯಾಗ ನನಗಿಂತ ಸಣ್ಣ ವಯಸ್ಸಿನ ಪೊಲೀಸ ಅದನ್ನ ಜೋರಾಗಿ ಓದಿದ. ನನ್ನ ಕೂಡ ಬಂದ ನಮ್ಮ ಓಣಿ ಮಂದಿ ಇಬ್ಬರು ಅಲ್ಲೇ ನಿಂತಿದ್ರು. ನಾ ಯಾವತ್ತ ಹೊಡದೀನಿ, ಅಕಿನ್ನ ಕೇಳ್ರಿ.”

ಸಿದ್ಧಮಾಡಿದ ಮಾತನ್ನು ಅಲ್ಲಿಗೇ ಬಿಟ್ಟೆ. “ಅದು ಅವರು ಹೇಳಿದ್ದಲ್ಲರೀ,” ಎಂದೆ. “ನಾ ಬರದದ್ದು. ಅವರಿಗೆ ಓದಿ ಹೇಳಲಿಲ್ಲ. ಸುಳ್ಳು ಬರದೆ.”

ಚಾಚಾ ಹಾಳೆ ಕೊಟ್ಟರು. ಅಲ್ಲಿಯೇ ಗೇಟಿನ ಪಟ್ಟಿಯ ಮೇಲೆ ಇಟ್ಟುಕೊಂಡು ಠಾಣೆಗೆ ಇನ್ನೊಂದು ಅರ್ಜಿ ಬರೆದೆ. ಹೊಡೆತ, ಕುಡಿತದ ಮಾತು ನಿಜವಲ್ಲ, ಬರೆದವಳ ತಪ್ಪು, ತಾಯಿಗೆ ಬೇಕಿರುವುದು ಮಗಳ ಟಿ.ಸಿ. ಮಾತ್ರ. ಅರ್ಧ ಪುಟ ಆಯಿತು. ಅಕ್ಕನನ್ನು ಒಳಗೆ ಕರೆದು ಇಬ್ಬರಿಗೂ ಕೇಳುವಂತೆ ಓದಿದೆ. ಇದೇನಾ ನೀವು ಹೇಳಿದ್ದು ಎಂದು ಅಕ್ಕನನ್ನು ಕೇಳಿದೆ. ಹೌದು ಎಂದರು, ಸಹಿ ಹಾಕಿದರು.

ಕೃಷ್ಣ ಕರಿ ಗಾಜು ಇಳಿಸಿ ಕೆಲಸಕ್ಕೆ ತೊಡಗಿದರು. ಟಿ.ಸಿ. ಸಿಗಲಿಲ್ಲ. ಮಾನ್ವಿಗೆ ಬಂದು ಆ ಅರ್ಧ ಪುಟವನ್ನು ಠಾಣೆಗೆ ಕೊಟ್ಟೆವು. ಠಾಣೆಯವರು ನನ್ನನ್ನು ನಿಲ್ಲಿಸಿ ಚೆನ್ನಾಗಿ ಬೈದರು. ನಿಂತು ಬೈಸಿಕೊಂಡೆ.

ಜೂನ್ 10

ಮೇಜಿಗೆ ದಿನವೂ ಹೋಗುತ್ತಿದ್ದೇನೆ. ಕೃಷ್ಣನಿಂದ ಸುದ್ದಿ ಇಲ್ಲ. ಉಳಿದದ್ದು ಆರು ದಿನ. ಟಿ.ಸಿ.ಯ ನಕಲು ಪ್ರತಿ ಕೇಳಲು ಏನು ಮಾಡಬೇಕೆಂದು ಚಾಚಾ ಇಬ್ಬರು ವಕೀಲರನ್ನು ಕೇಳಿದರು. ಕಳೆದಿದ್ದರೆ ಕೊಡುತ್ತಾರೆ, ಇದು ಕಳೆದಿಲ್ಲ. ಕಳೆದಿದೆ ಎಂದು ಸುಳ್ಳು ಪ್ರಮಾಣಪತ್ರ ಮಾಡಿಸಬಹುದು ಎಂದು ಪಕ್ಕದ ಮೇಜಿನವರು ಸಲಹೆ ಕೊಟ್ಟರು. ಬೇಡ ಎಂದು ನಾನೇ ಮೊದಲು ಹೇಳಿದೆ.

ಇಂದು ಚೀಕಲಪರ್ವಿಯ ಒಬ್ಬ ಅಜ್ಜಿ ಬಂದಿದ್ದಳು. ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಸೇರಿಸಬೇಕಿತ್ತು. ಆದರೆ ಮಾತು ಶುರುವಾದದ್ದು ಹೊಳೆಯಲ್ಲಿ ನೀರು ಬಂದ ವರ್ಷದಿಂದ. ಊಟದ ಹೊತ್ತು ಮೀರಿತು. ಆ ವರ್ಷವೇ ಮಗನ ಮೊದಲ ಹೆಂಡತಿ ತೀರಿಕೊಂಡಳಂತೆ, ಅವಳ ಹೆಸರನ್ನು ಇನ್ನೂ ತೆಗೆಸಿಲ್ಲವಂತೆ, ಆ ಹೆಸರು ತೆಗೆಯದೆ ಇದನ್ನು ಸೇರಿಸಬಹುದೇ ಎಂಬುದು ಅಜ್ಜಿಯ ಪ್ರಶ್ನೆ. ತೆಗೆಯಲು ಅವಳಿಗೆ ಮನಸ್ಸಿಲ್ಲ. ಅದನ್ನು ಹೇಗೆ ಬರೆಯುವುದೆಂದು ನನಗೆ ತಿಳಿಯಲಿಲ್ಲ. ಚಾಚಾಗೂ ತಿಳಿಯಲಿಲ್ಲ. ಅಜ್ಜಿ ಇನ್ನೊಂದು ದಿನ ಬರುತ್ತೇನೆಂದು ಹೋದಳು.

ಜೂನ್ 12

ಹನ್ನೊಂದು ಗಂಟೆಗೆ ಕೃಷ್ಣ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಕವರು. ಚಾಚಾ ಎದ್ದು ಸ್ಟೂಲು ಕೊಟ್ಟರು. ಅವರು ಚಾಚಾನ ಎದುರಿಗೆ ಕೂರಲಿಲ್ಲ, ನನ್ನ ಎದುರಿಗೆ ಕುಳಿತರು. ಒಂದು ಕಾಗದ ಬರೆದುಕೊಡಬೇಕು ಎಂದರು.

ನಾನು ಕಾದೆ. ಬಹಳ ಹೊತ್ತು ಅವರು ಬೇರೆ ಏನನ್ನೋ ಹೇಳಿದರು. ದೇವದುರ್ಗದ ಕರೆಂಟು, ಗೇಟಿನ ಗಿರಾಕಿಗಳು, ತಾಯಿಯ ಮೊಣಕಾಲು ನೋವು. ಆಮೇಲೆ ತನ್ನ ಅಕ್ಕನ ಮಗನ ಮದುವೆಯ ವಿಷಯಕ್ಕೆ ಬಂದರು. ಮಾತು ಕೊಟ್ಟದ್ದು ತಾನಲ್ಲ, ತಾಯಿ, ಈ ಮದುವೆ ಬೇಡವೆಂದು ತಾಯಿಗೆ ತಾನೇ ಹೇಳುತ್ತೇನೆ ಎಂದರು. ಹುಡುಗಿಗೆ ಇನ್ನೂ ಹದಿನಾರು ಎಂದೂ ಅವರೇ ಹೇಳಿದರು. ಆಮೇಲೆ ಕವರಿನಿಂದ ಟಿ.ಸಿ. ತೆಗೆದು ಮೇಜಿನ ಮೇಲಿಟ್ಟು, ಅದರ ಮೇಲಿಂದ ಕೈ ತೆಗೆಯದೆ ಕುಳಿತರು.

“ಇದನ್ನ ನಾನs ತಂದು ಕೊಟ್ಟೆ ಅಂತ ಬರೀರಿ. ಪೊಲೀಸರು ಕೊಡಿಸಲಿಲ್ಲ, ನಾನs ಕೊಟ್ಟೆ ಅಂತ. ಮತ್ತ ಕಾಲೇಜಿನ ಫಾರ್ಮಿನ್ಯಾಗ ತಂದಿ ಹೆಸರಿನ ಜಾಗ ಖಾಲಿ ಬಿಡಬಾರದು. ಇಷ್ಟs.”

ಶಾಲೆಯಲ್ಲಿ ತಾಯಿಯೇ ಎಲ್ಲ ಕಡೆ ಸಹಿ ಮಾಡುತ್ತಾಳೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ತನ್ನ ಹೆಸರನ್ನೇ ತೆಗೆಸಿಹಾಕಿದ್ದಾಳೆ ಎಂದು ಅವರು ತಿಳಿದಿದ್ದರು. ಟಿ.ಸಿ.ಯಲ್ಲಿ ಹೆಸರು ಇದೆ ಎಂದು ಬೆರಳಿಟ್ಟು ತೋರಿಸಿದೆ. ಅವರಿಗೆ ಓದಲು ಬರುತ್ತದೆ. ಮನೆಯಲ್ಲಿ ಎರಡು ವಾರ ಇಟ್ಟುಕೊಂಡರೂ ಬಿಚ್ಚಿ ನೋಡಿರಲಿಲ್ಲ.

ಮೂರು ಸಾಲು ಬರೆದೆ. ಓದಿ ಹೇಳಿದೆ. ‘ಸ್ವಂತ ಇಚ್ಛೆಯಿಂದ’ ಎಂದಿದ್ದೆ, ಅದನ್ನು ‘ಸ್ವಂತ ಕೈಯಿಂದ’ ಎಂದು ಮಾಡಿಸಿದರು. ಹಾಳೆ ಹರಿದು ಮತ್ತೆ ಬರೆದೆ. ಸಹಿ ಮಾಡಿ, ಟಿ.ಸಿ.ಯನ್ನು ಮೇಜಿನ ಮೇಲೇ ಬಿಟ್ಟು ಎದ್ದರು. ಮಲ್ಲಟಕ್ಕೆ ಹೋಗಿ ನೀವೇ ಕೊಡಿ ಎಂದು ಚಾಚಾ ಹೇಳಿ ನೋಡಿದರು, ಒಪ್ಪದೆ ಹೋದರು.

ಅಕ್ಕನಿಗೆ ಫೋನ್ ಮಾಡಿದಾಗ ಕುಕ್ಕರಿನ ಸೀಟಿ ಕೇಳುತ್ತಿತ್ತು. ಟಿ.ಸಿ. ನನ್ನ ಕೈಯಲ್ಲಿದೆ ಎಂದೆ. ಅಕ್ಕ, ಅವರು ಊಟ ಮಾಡಿ ಹೋದರೇನು ಎಂದು ಕೇಳಿದರು.

ಜೂನ್ 14

ಅವ್ವ ನನ್ನ ಫಾರ್ಮಿಗೆ ಸಹಿ ಹಾಕಿದಳು. ವಿಷಯಗಳ ಹೆಸರನ್ನು ಒಂದೊಂದಾಗಿ ಓದಿಸಿಕೊಂಡು ಹಾಕಿದಳು. ಮಗಳು ಡಾಕ್ಟರ್ ಆಗಬೇಕು ಎಂಬ ಆಸೆ ಹೋಗಿದೆಯೇ ಎಂದು ಕೇಳಿದೆ. ಹೋಗಿಲ್ಲ ಎಂದಳು. ಯಾವಾಗಿನಿಂದ ಆ ಆಸೆ ಎಂದೂ ಕೇಳಿದೆ. ಇಷ್ಟು ವರ್ಷದಲ್ಲಿ ಇದನ್ನು ಕೇಳಿರಲೇ ಇಲ್ಲ. ಹತ್ತನೆಯ ತರಗತಿಯಲ್ಲಿ ಅವಳೇ ನರ್ಸ್ ಆಗಬೇಕೆಂದು ಫಾರ್ಮ್ ತಂದಿದ್ದಳಂತೆ. ಅದನ್ನು ತುಂಬಿಸುವವರು ಸಿಗಲಿಲ್ಲವಂತೆ. ಇಬ್ಬರೂ ಸಂಜೆ ತನಕ ಅಂಗಳದಲ್ಲೇ ಕುಳಿತಿದ್ದೆವು. ಅಪ್ಪನೇ ಚಹಾ ಮಾಡಿದ, ಸಕ್ಕರೆ ಮರೆತಿದ್ದ.

ಜೂನ್ 16

ಕೊನೆಯ ದಿನವಾದ್ದರಿಂದ ಕಾಲೇಜಿನಲ್ಲಿ ಗದ್ದಲ. ನನ್ನದು ಮೊದಲು ಮುಗಿಯಿತು. 587 ಇಟ್ಟುಕೊಂಡು ಆರ್ಟ್ಸ್ ಯಾಕಮ್ಮ ಎಂದು ಕಿಟಕಿಯ ಒಳಗಿನವರು ಕೇಳಿದರು. ಇಷ್ಟ ಸರ್ ಎಂದೆ. ಅವರು ಸೀಲು ಒತ್ತಿದರು.

ಕಾವ್ಯಾ ಒಬ್ಬಳೇ ಬಂದಿದ್ದಳು. ಅಡುಗೆ ಬಿಟ್ಟು ಬರಲು ತಾಯಿಗೆ ಆಗಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಅವಳ ಫಾರ್ಮ್ ನಾನೇ ತುಂಬಿದೆ. ಹೆಸರು, ಊರು, ಜಾತಿ ಪ್ರಮಾಣಪತ್ರದ ಸಂಖ್ಯೆ. ತಂದೆಯ ಹೆಸರು ಕೃಷ್ಣ, ಉದ್ಯೋಗ ವೆಲ್ಡಿಂಗ್. ವಿಷಯಗಳ ಸಾಲಿಗೆ ಬಂದು ನಿಂತೆ. ಎಪ್ಪತ್ತೊಂದು ಪರ್ಸೆಂಟ್ ಬಂದವಳು, ನನ್ನ ಜೊತೆಗೇ ಬರುತ್ತಾಳೆ ಎಂದುಕೊಂಡಿದ್ದೆ. ಆರ್ಟ್ಸ್ ಕ್ಲಾಸಿನಲ್ಲಿ ನನಗೆ ಗುರುತಿನವರು ಯಾರೂ ಇಲ್ಲ. ಎರಡನೇ ಬೆಂಚಿನಲ್ಲಿ ಇಬ್ಬರೂ ಕೂರಬಹುದೆಂದು ಮನಸ್ಸಿನಲ್ಲಿ ಜಾಗವನ್ನೂ ಹಿಡಿದಿಟ್ಟಿದ್ದೆ.

ಯಾವುದು ಬರೆಯಲಿ ಎಂದು ಕೇಳಿದೆ. ಅವಳು ತಲೆ ತಗ್ಗಿಸಿ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಂಡಳು. ಕಿಟಕಿಯ ಸಾಲು ಸಣ್ಣದಾಗುತ್ತಿತ್ತು. ಸೀಲಿನವರು ಎರಡು ಸಲ ಕೂಗಿದರು. ನಾನು ಪೆನ್ನಿನ ಮುಚ್ಚಳ ಹಾಕಿ ಕಾದೆ.

“ಸೈನ್ಸ್,” ಎಂದಳು.

ಸೈನ್ಸ್ ಕಷ್ಟ, ಎಪ್ಪತ್ತೊಂದಕ್ಕೆ ಇನ್ನೂ ಕಷ್ಟ, ಮಲ್ಲಟದಿಂದ ದಿನಾ ಬಸ್ಸು, ಟ್ಯೂಷನ್ ಇಲ್ಲದೆ ಆಗದು. ನಾಲ್ಕೂ ನಾಲಿಗೆಯ ತುದಿಗೆ ಬಂದವು. ಯಾಕ ಎಂದಷ್ಟೇ ಕೇಳಿದೆ.

“ಸಣ್ಣಾಕಿ ಇದ್ದಾಗ ಅಪ್ಪನ ಅಂಗಡ್ಯಾಗ ಕುಂದರತಿದ್ದೆ. ಬ್ಯಾರೆ ಬ್ಯಾರೆ ಇದ್ದ ಎರಡು ಕಬ್ಬಿಣ ಹೆಂಗ ಒಂದಾಗ್ತಾವ ಅಂತ ಕೇಳಿದ್ದೆ. ಮಾಡೋದು ಗೊತ್ತು, ಯಾಕ ಆಗ್ತದ ಗೊತ್ತಿಲ್ಲ, ನೀ ಓದಿ ಹೇಳು ಅಂದಿದ್ದ. ಹೇಳೂದರಾಗs ನಾವು ಮಲ್ಲಟಕ್ಕ ಬಂದ್ವಿ.”

ಪೆನ್ನನ್ನು ಅವಳ ಕೈಗೆ ಕೊಟ್ಟೆ. ಫಿಜಿಕ್ಸ್ ಎಂದು ಅವಳೇ ಬರೆದಳು.